ಪರಿಹಾರ ಮಸೂದೆಗೆ ಬೇಡವೆಂದ ಸಂಸದರ ಕಚೇರಿಯೇ ನಮ್ಮ ಕಡತ ಹಿಡಿದು ನಿಂತಿತು: ಇದನ್ನು ಹೇಗೆ ತೂಗಬೇಕು?

ಬೇಯೂ ದಂಡೆ (ಹ್ಯೂಸ್ಟನ್):

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಚಂಡಮಾರುತದ ಪರಿಹಾರ ಹೇಗೆ ಹಂಚಿಕೆಯಾಗುತ್ತದೆ, ಅದರಲ್ಲಿ ನಮ್ಮ ಕ್ಷೇತ್ರದ ಪ್ರತಿನಿಧಿಯ ಪಾತ್ರವೇನು ಎಂಬುದನ್ನು ಕನ್ನಡದಲ್ಲಿ ವಿವರವಾಗಿ ಮಾತನಾಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಪ್ರತಿ ವರ್ಷ ಜೂನ್ ಬಂತೆಂದರೆ ನೀರಿನ ಬಾಟಲಿ, ಬ್ಯಾಟರಿ, ಔಷಧಗಳ ಪಟ್ಟಿ ಹಂಚಿಕೊಳ್ಳುತ್ತೇವೆ. ಮಳೆ ನಿಂತ ಮೇಲೆ ಎರಡು ವರ್ಷ ನಡೆಯುವ ಕಾಗದದ ಹೋರಾಟದ ಬಗ್ಗೆ ಯಾರೂ ಹೇಳಿಕೊಡುವುದಿಲ್ಲ.

2017ರ ಆಗಸ್ಟ್ 25ರ ರಾತ್ರಿ ಹಾರ್ವೆ ಚಂಡಮಾರುತ ರಾಕ್‌ಪೋರ್ಟ್ ಬಳಿ ಟೆಕ್ಸಸ್ ಕರಾವಳಿಗೆ ಅಪ್ಪಳಿಸಿತು. ತೀರ್ಥಹಳ್ಳಿಯ ಕಡೆ ಬೆಳೆದ ನನಗೆ ಮಳೆ ಹೊಸದಲ್ಲ. ಆದರೆ ಅಲ್ಲಿ ಎಷ್ಟೇ ಸುರಿದರೂ ನೀರು ಇಳಿಜಾರು ಹಿಡಿದು ತುಂಗೆಯ ಕಡೆ ಹೋಗುತ್ತದೆ. ಇಲ್ಲಿ ಇಳಿಜಾರೇ ಇಲ್ಲ. ನೆದರ್ಲ್ಯಾಂಡ್ ಎಂಬ ಊರಿನಲ್ಲಿ ಕೆಲವೇ ದಿನಗಳಲ್ಲಿ 60 ಇಂಚಿಗೂ ಹೆಚ್ಚು ಮಳೆ ದಾಖಲಾಯಿತು. ನಮ್ಮ ಮನೆಯೊಳಗೆ ನಿಂತ ನೀರು ಇಳಿದ ಮೇಲೆ ನನ್ನ ಗಂಡ ಟೇಪು ಹಿಡಿದು ಗೋಡೆಯ ಮೇಲಿನ ಕಂದು ಗೆರೆಯನ್ನು ಅಳೆದರು: 22 ಇಂಚು. ಆ ಗೆರೆ ದೇವರ ಮನೆಯ ಬಾಗಿಲನ್ನೂ ಅಡುಗೆಮನೆಯ ಕಪಾಟನ್ನೂ ಮಗಳ ಪುಸ್ತಕದ ಅಲಮಾರನ್ನೂ ಒಂದೇ ಸಮನಾಗಿ ದಾಟಿತ್ತು. ಶೀಟ್‌ರಾಕ್ ಗೋಡೆಯನ್ನು ನಾಲ್ಕು ಅಡಿಯವರೆಗೆ ಕತ್ತರಿಸಿ ತೆಗೆದೆವು. ಒದ್ದೆಯಾದ ಪಾಸ್‌ಪೋರ್ಟು, ಮನೆಯ ಕ್ರಯಪತ್ರ, ವಿಮೆಯ ಕಾಗದಗಳನ್ನು ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿ ಗ್ಯಾರೇಜಿನಲ್ಲಿ ತಂತಿಯ ಮೇಲೆ ನೇತುಹಾಕಿದೆವು.

ಸುತ್ತಲಿನ ಬಹುಪಾಲು ಮನೆಗಳಿಗೆ ನೆರೆ ವಿಮೆ ಇರಲಿಲ್ಲ. ನಮಗೆ ಇತ್ತು. ಇಲ್ಲಿ ಗೊತ್ತಿರಬೇಕಾದ ಸಂಗತಿಯೊಂದಿದೆ. ಸಾಮಾನ್ಯ ಗೃಹವಿಮೆ ನೆರೆಯ ಹಾನಿಗೆ ಹಣ ಕೊಡುವುದಿಲ್ಲ. ನೆರೆ ವಿಮೆ 1968ರಲ್ಲಿ ಆರಂಭವಾದ ಒಕ್ಕೂಟ ಸರ್ಕಾರದ ಕಾರ್ಯಕ್ರಮ. ಮನೆಗೆ ಗರಿಷ್ಠ 2,50,000 ಡಾಲರ್, ಒಳಗಿನ ಸಾಮಾನಿಗೆ 1,00,000 ಡಾಲರ್. ಪಾಲಿಸಿಯ ಮೇಲೆ ಖಾಸಗಿ ಕಂಪನಿಯ ಹೆಸರು ಇರಬಹುದು, ಆದರೆ ಹೊಣೆ ಒಕ್ಕೂಟ ಸರ್ಕಾರದ್ದು. ನಮ್ಮ ಕಂಪನಿಯ ಪರವಾಗಿ ಹಾನಿ ಅಂದಾಜು ಮಾಡುವ ಅಡ್ಜಸ್ಟರ್ ಬಂದು ಇಪ್ಪತ್ತು ನಿಮಿಷ ನೋಡಿ ಹೋದರು. ಮೂರು ತಿಂಗಳ ಮೇಲೆ ಬಂದ ಪತ್ರದಲ್ಲಿ ನೆಲದ ಹಾನಿ ಬಹುಪಾಲು ಹಳೆಯದೆಂದು ಬರೆದಿತ್ತು. ಫೋನ್ ಮಾಡಿದಾಗಲೆಲ್ಲ ಬೇರೆ ಬೇರೆಯವರು ಎತ್ತುತ್ತಿದ್ದರು, ಪ್ರತಿಯೊಬ್ಬರಿಗೂ ಕಥೆಯನ್ನು ಮೊದಲಿನಿಂದ ಹೇಳಬೇಕಾಗುತ್ತಿತ್ತು.

ಆಗ ಪಕ್ಕದ ಮನೆಯ ನಿವೃತ್ತ ಶಿಕ್ಷಕಿಯೊಬ್ಬರು, "ನಿಮ್ಮ ಕಾಂಗ್ರೆಸ್ ಸದಸ್ಯರ ಸ್ಥಳೀಯ ಕಚೇರಿಗೆ ಹೋಗಿ, ಅಲ್ಲಿ ಇಂಥದ್ದನ್ನು ನೋಡಿಕೊಳ್ಳಲೆಂದೇ ಜನ ಇದ್ದಾರೆ" ಎಂದರು. (ಇಲ್ಲಿ ಕಾಂಗ್ರೆಸ್ ಎಂದರೆ ಅಮೆರಿಕದ ಸಂಸತ್ತು; ಪ್ರತಿನಿಧಿ ಸಭೆ, ಸೆನೆಟ್ ಅದರ ಎರಡು ಸದನಗಳು.) ನನಗೆ ಮನಸ್ಸಿರಲಿಲ್ಲ. ನಮ್ಮ ಅಂದಿನ ಪ್ರತಿನಿಧಿ 2013ರಲ್ಲಿ, ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆ ಅಪ್ಪಳಿಸಿದ್ದ ಸ್ಯಾಂಡಿ ಚಂಡಮಾರುತದ ಪರಿಹಾರ ಮಸೂದೆಯ ವಿರುದ್ಧ ಮತ ಹಾಕಿದವರು, ನಾನು ಅವರಿಗೆ ಎಂದೂ ಮತ ನೀಡಿದವಳಲ್ಲ. ಆದರೂ ಹೋದೆ. ಅಲ್ಲಿನ ಕೇಸ್‌ವರ್ಕರ್ ಯಾವ ಪಕ್ಷ ಎಂದು ಕೇಳಲಿಲ್ಲ. ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡು, ನನ್ನ ಒಣಗಿ ಮುರುಟಿದ ಕಾಗದಗಳನ್ನು ಒಂದೊಂದಾಗಿ ಬಿಡಿಸಿ ಸ್ಕ್ಯಾನ್ ಮಾಡಿ, ದಿನಾಂಕದ ಕ್ರಮದಲ್ಲಿ ಜೋಡಿಸಿ, ವಿಮಾ ಕಾರ್ಯಕ್ರಮದ ಅಧಿಕಾರಿಗಳಿಗೆ ವಿಚಾರಣೆಯ ಪತ್ರ ಕಳುಹಿಸಿದರು. ಐದು ವಾರದೊಳಗೆ ಎರಡನೇ ಅಡ್ಜಸ್ಟರ್ ಬಂದರು. ನಮಗೆ ಸಿಗಬೇಕಾದ ಹಣದ ದೊಡ್ಡ ಪಾಲು ಸಿಕ್ಕಿತು.

ನನ್ನ ಪ್ರಶ್ನೆ ಇದು. ಆ ಕಚೇರಿಗೆ ನಾನು ಋಣಿ. ಆದರೆ ಅದೇ ಪ್ರತಿನಿಧಿ ನ್ಯೂಜೆರ್ಸಿಯ ನನ್ನಂಥವಳೊಬ್ಬಳಿಗೆ ಹಣ ಸಿಗದಂತೆ ಮತ ಹಾಕಿದ್ದರು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಕೋ, ಬೇರೆ ಬೇರೆಯಾಗಿ ನೋಡಬೇಕೋ? ಒಂದೇ ತಕ್ಕಡಿಯಲ್ಲಿ ಇಡಬೇಕೆಂಬುದು ನನ್ನ ಅಭಿಪ್ರಾಯ. ಮನೆಬಾಗಿಲ ಸೇವೆ ಎಷ್ಟೇ ಒಳ್ಳೆಯದಿದ್ದರೂ ಸದನದಲ್ಲಿ ಹಾಕಿದ ಮತದ ಲೆಕ್ಕ ಅದರಿಂದ ಚುಕ್ತಾ ಆಗುವುದಿಲ್ಲ.

ಎಡಿಸನ್ ಕನ್ನಡಿಗ (ನ್ಯೂಜೆರ್ಸಿ):

ಮೇಡಂ, ನೀವು ಹೇಳಿದ ಆ "ನ್ಯೂಜೆರ್ಸಿಯ ನನ್ನಂಥವಳು" ನಮ್ಮ ಅಕ್ಕನೇ ಇರಬಹುದು. ಅವರ ಮನೆ ಸೇಯರ್‌ವಿಲ್‌ನಲ್ಲಿ, ಸೌತ್ ರಿವರ್ ನದಿಯ ಹತ್ತಿರ ಇತ್ತು. 2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಬಂದಾಗ ಭಾವ ಬೇಸ್‌ಮೆಂಟಿನಿಂದ ಅಕ್ಕಿ ಚೀಲ ಮೇಲೆ ತರಲು ಇಳಿದವರು, ಮೆಟ್ಟಿಲ ಮೇಲೆ ನೀರು ಏರುವುದನ್ನು ಕಂಡು ಚೀಲ ಬಿಟ್ಟು ಓಡಿ ಬಂದರು. ಆ ವಾರ ಪೆಟ್ರೋಲಿಗೆ ಸರದಿ. ಗವರ್ನರ್ ಕ್ರಿಸ್ಟಿ ಅವರು ನಮ್ಮದೂ ಸೇರಿ 12 ಕೌಂಟಿಗಳಲ್ಲಿ ನಂಬರ್ ಪ್ಲೇಟಿನ ಸಮ ಬೆಸ ಲೆಕ್ಕದಲ್ಲಿ ಪೆಟ್ರೋಲ್ ಕೊಡುವ ಆದೇಶ ಹೊರಡಿಸಿದ್ದರು.

ಆ ಮಸೂದೆಯ ಕಥೆಯನ್ನು ದಿನಾಂಕ ಸಹಿತ ಹೇಳುತ್ತೇನೆ, ಏಕೆಂದರೆ ದಿನಗಳನ್ನು ಎಣಿಸಿದವರಿಗೆ ಅವು ಮರೆಯುವುದಿಲ್ಲ. 2005ರ ಆಗಸ್ಟ್ 29ರಂದು ಲೂಯಿಸಿಯಾನಕ್ಕೆ ಕತ್ರಿನಾ ಚಂಡಮಾರುತ ಬಂದಾಗ ಕಾಂಗ್ರೆಸ್ ನಾಲ್ಕೇ ದಿನದಲ್ಲಿ 10.5 ಶತಕೋಟಿ ಡಾಲರ್ ಮಂಜೂರು ಮಾಡಿತು. ಹತ್ತನೆಯ ದಿನ ಇನ್ನೂ 51.8 ಶತಕೋಟಿಯ ಮಸೂದೆಯನ್ನು ಪ್ರತಿನಿಧಿ ಸಭೆ 410–11 ಮತಗಳಿಂದ ಅಂಗೀಕರಿಸಿತು. ಸ್ಯಾಂಡಿಯ ವಿಷಯದಲ್ಲಿ ಸೆನೆಟ್ 60.4 ಶತಕೋಟಿಯ ಮಸೂದೆಗೆ ಡಿಸೆಂಬರ್ 28ರಂದು ಒಪ್ಪಿಗೆ ಕೊಟ್ಟಿತು. ಜನವರಿ 1ರ ರಾತ್ರಿ ಸ್ಪೀಕರ್ ಜಾನ್ ಬೇನರ್ ಅದನ್ನು ಮತಕ್ಕೆ ಹಾಕದೆ ಕೈಬಿಟ್ಟರು. ಎರಡು ದಿನದಲ್ಲಿ ಆ ಕಾಂಗ್ರೆಸ್ಸಿನ ಅವಧಿಯೇ ಮುಗಿದು ಮಸೂದೆ ಬಿದ್ದುಹೋಯಿತು, ಹೊಸದಾಗಿ ಆರಂಭಿಸಬೇಕಾಯಿತು. ಜನವರಿ 2ರಂದು ಕ್ರಿಸ್ಟಿ ಅವರು ಪತ್ರಿಕಾಗೋಷ್ಠಿಯಲ್ಲಿ ತಮ್ಮದೇ ರಿಪಬ್ಲಿಕನ್ ಪಕ್ಷದ ಸ್ಪೀಕರ್ ಹೆಸರು ಹಿಡಿದು ಮಾತನಾಡಿದ್ದನ್ನು ನಾವು ಅಕ್ಕನ ಮನೆಯವರೊಂದಿಗೆ ನಮ್ಮ ಪುಟ್ಟ ಅಪಾರ್ಟ್‌ಮೆಂಟಿನಲ್ಲಿ ಕುಳಿತು ನೋಡಿದೆವು. ಲಾಂಗ್ ಐಲೆಂಡಿನ ಪೀಟರ್ ಕಿಂಗ್ ಕೂಡ ಅದೇ ಪಕ್ಷದವರು. ನ್ಯೂಯಾರ್ಕಿನವರು ಇನ್ನು ಮುಂದೆ ಈ ಪಕ್ಷದ ಕಾಂಗ್ರೆಸ್ ಸದಸ್ಯರಿಗೆ ದೇಣಿಗೆ ಕೊಡಬಾರದೆಂದು ಅವರು ಬಹಿರಂಗವಾಗಿ ಹೇಳಿದರು.

ಜನವರಿ 4ರಂದು ನೆರೆ ವಿಮೆಗಾಗಿ 9.7 ಶತಕೋಟಿಯ ಸಾಲಕ್ಕೆ ಮಾತ್ರ ಅನುಮತಿ ಸಿಕ್ಕಿತು. ಉಳಿದ ಸುಮಾರು 50.5 ಶತಕೋಟಿ ಜನವರಿ 15ರಂದು 241–180 ಮತಗಳಿಂದ ಪ್ರತಿನಿಧಿ ಸಭೆಯನ್ನು ದಾಟಿತು. ನಮ್ಮ ಮೋರಿಸ್ ಕೌಂಟಿಯ ಕಡೆಯ ರಾಡ್ನಿ ಫ್ರೀಲಿಂಗ್‌ಹೈಸನ್ ತಂದ ತಿದ್ದುಪಡಿಯೇ ಅದರಲ್ಲಿ 33 ಶತಕೋಟಿಗೂ ಹೆಚ್ಚಿನ ಪಾಲಿಗೆ ಆಧಾರ. ರಿಪಬ್ಲಿಕನ್ನರಲ್ಲಿ ಹೌದೆಂದವರು 49, ಬೇಡವೆಂದವರು 179. ಸೆನೆಟ್ ಜನವರಿ 28ರಂದು ಒಪ್ಪಿತು. ಗಾಳಿ ಬೀಸಿದ ದಿನದಿಂದ ಎಣಿಸಿದರೆ 91 ದಿನ. ಲೂಯಿಸಿಯಾನದ ಕಣ್ಣಿಗೆ ಬೆಣ್ಣೆ, ಜೆರ್ಸಿಯ ಕಣ್ಣಿಗೆ ಸುಣ್ಣ ಎಂದು ನಮ್ಮ ಅಕ್ಕ ಅಂದಿದ್ದು ಆಗಲೇ. ಲೂಯಿಸಿಯಾನದವರಿಗೆ ಅಷ್ಟು ಬೇಗ ಕೊಟ್ಟದ್ದು ತಪ್ಪೆಂದು ಅವರು ಎಂದೂ ಹೇಳಲಿಲ್ಲ. ಅವರ ದೂರು ಸುಣ್ಣದ ಬಗ್ಗೆ ಮಾತ್ರ.

ಕೊನೆಗೆ ಅದೇ ಹಣದಿಂದ ನಡೆದ ಬ್ಲೂ ಏಕರ್ಸ್ ಯೋಜನೆಯಲ್ಲಿ ರಾಜ್ಯ ಸರ್ಕಾರ ಅಕ್ಕನ ಮನೆಯನ್ನು ಕೊಂಡು ಕೆಡವಿತು. ಈಗ ಅಲ್ಲಿ ಹುಲ್ಲು ಬೆಳೆದಿದೆ. ಹಾಗಾಗಿ ಒಂದೇ ತಕ್ಕಡಿ ಎಂಬ ನಿಮ್ಮ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ.

ಲೆಕ್ಕಪತ್ರ (ಡಲ್ಲಾಸ್):

ಇಬ್ಬರ ಕಷ್ಟವನ್ನೂ ಗೌರವಿಸುತ್ತಲೇ ಭಿನ್ನಾಭಿಪ್ರಾಯ ದಾಖಲಿಸುತ್ತೇನೆ. ಬೇಡವೆಂದು ಮತ ಹಾಕಿದವರೆಲ್ಲ ಸಂತ್ರಸ್ತರ ವಿರೋಧಿಗಳು ಎಂದು ಬಗೆಯುವುದು ಸರಿಯಲ್ಲ. ಪರಿಹಾರದ ಹಣ ತುರ್ತು ವೆಚ್ಚವೆಂಬ ಹೆಸರಿನಲ್ಲಿ ಸಾಮಾನ್ಯ ಬಜೆಟ್ಟಿನ ಮಿತಿಯ ಹೊರಗೆ ಹೋಗುತ್ತದೆ. ಪ್ರತಿ ವರ್ಷವೂ ಚಂಡಮಾರುತ ಬರುತ್ತದೆಂದು ಗೊತ್ತಿದ್ದೂ ಪ್ರತಿ ವರ್ಷವೂ ಅದನ್ನು ಅನಿರೀಕ್ಷಿತವೆಂದು ಕರೆದು ಸಾಲ ಮಾಡುವುದು ಒಳ್ಳೆಯ ಆಡಳಿತವೇ? ದಕ್ಷಿಣ ಕೆರೊಲಿನಾದ ಮಿಕ್ ಮಲ್ವೇನಿ ಅಂದು ತಂದ ತಿದ್ದುಪಡಿ ಪರಿಹಾರವನ್ನು ನಿಲ್ಲಿಸುವುದಾಗಿರಲಿಲ್ಲ; ತುರ್ತು ಭಾಗದ ಹಣಕ್ಕೆ ಸಮನಾಗಿ ಇತರ ವೆಚ್ಚಗಳಲ್ಲಿ ಶೇ. 1.63ರಷ್ಟು ಕಡಿತ ಮಾಡೋಣ ಎಂಬುದಾಗಿತ್ತು. ಅದು 162–258 ಮತಗಳಿಂದ ಬಿತ್ತು. ಇದಲ್ಲದೆ ಸೆನೆಟ್ ಮಸೂದೆಯಲ್ಲಿ ಅಲಾಸ್ಕದ ಮೀನುಗಾರಿಕೆಗೂ ಸಲ್ಲಬಹುದಾಗಿದ್ದ ಹಣವಿತ್ತು. ಉರಿಯುವ ಮನೆಯಲ್ಲಿ ಗಳ ಹಿರಿಯುವವರು ಎಲ್ಲ ಪಕ್ಷಗಳಲ್ಲೂ ಇದ್ದಾರೆ. ಅವರನ್ನು ತಡೆಯುವುದೂ ಪ್ರತಿನಿಧಿಯ ಕೆಲಸವೇ.

ಎರಡನೆಯದಾಗಿ, ಕ್ಷೇತ್ರದವರಿಗೆ ಸಹಾಯ ಮಾಡುವುದು ಕರ್ತವ್ಯ, ಮಸೂದೆಯ ಮೇಲೆ ಮತ ಹಾಕುವುದು ವಿವೇಚನೆ. ಕರ್ತವ್ಯದಲ್ಲಿ ಲೋಪವಿಲ್ಲದಿದ್ದರೆ ವಿವೇಚನೆಯನ್ನು ಪ್ರತ್ಯೇಕವಾಗಿಯೇ ವಿಮರ್ಶಿಸಬೇಕು.

ಬೇಯೂ ದಂಡೆ (ಹ್ಯೂಸ್ಟನ್):

ಲೆಕ್ಕಪತ್ರ ಅವರೇ, ಸೌಜನ್ಯದಿಂದ ಬರೆದಿದ್ದಕ್ಕೆ ವಂದನೆಗಳು. ಹಣಕ್ಕೆ ಲೆಕ್ಕ ಬೇಕೆಂಬ ಮಾತನ್ನು ನಾನೂ ಒಪ್ಪುತ್ತೇನೆ. ಮಸೂದೆಯಲ್ಲಿ ಸಂಬಂಧವಿಲ್ಲದ ಹಣ ಇತ್ತು ಎಂಬುದೂ ನಿಜ, ಆದರೆ ಅದು ಸಣ್ಣ ಪಾಲು. ಹಣದ ಬಹುಭಾಗ ಮುಂದಿನ ವರ್ಷಗಳಲ್ಲಿ ಖರ್ಚಾಗುತ್ತದೆ, ಆದ್ದರಿಂದ ಅದು ತುರ್ತಲ್ಲ ಎಂದೂ ಅಂದು ವಾದಿಸಿದರು. ಸುರಂಗ, ರೈಲು ಮಾರ್ಗ, ಮನೆಗಳನ್ನು ಕಟ್ಟಲು ವರ್ಷಗಳೇ ಹಿಡಿಯುತ್ತವೆ. ಮಂಜೂರಾತಿಯ ಪತ್ರ ಕೈಯಲ್ಲಿ ಇಲ್ಲದಿದ್ದರೆ ಯಾವ ಊರೂ ಗುತ್ತಿಗೆ ಕರೆಯಲಾರದು.

ನನ್ನ ನಿಜವಾದ ಆಕ್ಷೇಪ ಅದೇ ತತ್ತ್ವ 2017ರಲ್ಲಿ ಎಲ್ಲಿ ಹೋಯಿತು ಎಂಬುದು. ಅದೇ ಮಲ್ವೇನಿ ಆಗ ಶ್ವೇತಭವನದ ಬಜೆಟ್ ನಿರ್ದೇಶಕರು. ಹಾರ್ವೆಗಾಗಿ 7.85 ಶತಕೋಟಿ ಡಾಲರ್ ಬೇಕೆಂಬ ಮೊದಲ ಕೋರಿಕೆ ಅವರಿಂದಲೇ ಕಾಂಗ್ರೆಸ್ಸಿಗೆ ಹೋಯಿತು. ಅದಕ್ಕೆ ಸಮನಾದ ಕಡಿತದ ಷರತ್ತು ಅದರಲ್ಲಿ ಇರಲಿಲ್ಲ. ಪ್ರತಿನಿಧಿ ಸಭೆ ಅದನ್ನು ಸೆಪ್ಟೆಂಬರ್ 6ರಂದು 419–3 ಮತಗಳಿಂದ ಒಪ್ಪಿತು. ಎರಡು ದಿನದ ನಂತರ ಮೊತ್ತ 15.25 ಶತಕೋಟಿಗೆ ಏರಿ, ಸರ್ಕಾರದ ಸಾಲದ ಮಿತಿಯನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿಡುವ ಅಂಶವೂ ಜೊತೆಗೆ ಸೇರಿ ಬಂದಾಗ 316–90 ಆಯಿತು. ಆ 90 ಜನರಲ್ಲಿ ನಾಲ್ವರು ಟೆಕ್ಸಸ್‌ನವರೇ: ಜೋ ಬಾರ್ಟನ್, ಜೆಬ್ ಹೆನ್ಸರ್ಲಿಂಗ್, ಸ್ಯಾಮ್ ಜಾನ್ಸನ್, ಮ್ಯಾಕ್ ಥಾರ್ನ್‌ಬರಿ. ಅವರ ನಿಲುವನ್ನು ನಾನು ಒಪ್ಪುವುದಿಲ್ಲ, ಆದರೆ ತಮ್ಮದೇ ರಾಜ್ಯ ಮುಳುಗಿದ್ದಾಗಲೂ ಅದೇ ಮಾತಿಗೆ ನಿಂತರು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಅದಕ್ಕೆ ಎದುರಾಗಿ ಹ್ಯೂಸ್ಟನ್‌ನ ಜಾನ್ ಕಲ್ಬರ್‌ಸನ್ ಅವರನ್ನು ನೋಡಿ. ಟೆಕ್ಸಸ್‌ನ ರಿಪಬ್ಲಿಕನ್ ಪ್ರತಿನಿಧಿಗಳ ಪೈಕಿ ಅವರೊಬ್ಬರೇ 2013ರಲ್ಲಿ ಸ್ಯಾಂಡಿ ಪರಿಹಾರಕ್ಕೆ ಹೌದೆಂದಿದ್ದರು. ನಾಲ್ಕು ವರ್ಷದ ನಂತರ ನೆರವು ಕೇಳಲು ನಿಂತಾಗ ಅವರು ಯಾರ ಮುಂದೆಯೂ ತಲೆತಗ್ಗಿಸಬೇಕಾಗಿರಲಿಲ್ಲ. ಉಳಿದವರ ಪರವಾಗಿ ಮಾತನಾಡಿದ್ದು ಪೀಟರ್ ಕಿಂಗ್ ಅವರ ದೊಡ್ಡತನ. ಟೆಕ್ಸಸ್‌ನ ಸೆನೆಟರ್ ಟೆಡ್ ಕ್ರೂಜ್ ನ್ಯೂಯಾರ್ಕಿಗೆ ಬೇಡವೆಂದಿದ್ದರೂ ತಾವು ಟೆಕ್ಸಸ್ ಜನರನ್ನು ಕೈಬಿಡುವುದಿಲ್ಲವೆಂದು ಕಿಂಗ್ ಹೇಳಿದರು.

ಇನ್ನು ಕರ್ತವ್ಯ, ವಿವೇಚನೆ ಬೇರೆ ಬೇರೆ ಎಂದಿರಿ. ಕೇಸ್‌ವರ್ಕರ್ ನನ್ನ ಪರವಾಗಿ ಪತ್ರ ಬರೆಯಲು ಸಾಧ್ಯವಾಗಿದ್ದು ಆ ಕಾರ್ಯಕ್ರಮದಲ್ಲಿ ಹಣ ಇದ್ದುದರಿಂದ. ಖಜಾನೆ ಖಾಲಿಯಿದ್ದರೆ ಎಷ್ಟು ಚೆನ್ನಾಗಿ ಜೋಡಿಸಿದ ಕಡತವಾದರೂ ಏನು ಮಾಡೀತು? 2013ರ ಜನವರಿ ಮೊದಲ ವಾರದಲ್ಲಿ ನೆರೆ ವಿಮೆಯ ಖಜಾನೆ ಬರಿದಾಗುವ ಸ್ಥಿತಿ ಇತ್ತು, ಅದಕ್ಕೇ ಆ 9.7 ಶತಕೋಟಿಯ ಅನುಮತಿಯನ್ನು ಮೊದಲು ಕೊಡಬೇಕಾಯಿತು.

ಬ್ಲೂ ರಿಜ್ (ಉತ್ತರ ಕೆರೊಲಿನಾ):

ನಮ್ಮ ಕಡೆಯ ಅನುಭವವನ್ನೂ ಸೇರಿಸುತ್ತೇನೆ. ಆಶ್‌ವಿಲ್ ಸಮುದ್ರದಿಂದ ನೂರಾರು ಮೈಲಿ ದೂರದ ಬೆಟ್ಟದ ಊರು. 2024ರ ಸೆಪ್ಟೆಂಬರ್ 26ರ ರಾತ್ರಿ ಫ್ಲೋರಿಡಾದಲ್ಲಿ ನೆಲ ಮುಟ್ಟಿದ ಹೆಲೀನ್ ಚಂಡಮಾರುತ ನಮ್ಮ ಹೊಳೆಗಳನ್ನು ಹೀಗೆ ಎಬ್ಬಿಸುತ್ತದೆಂದು ಇಲ್ಲಿ ಯಾರೂ ನೆನೆಸಿರಲಿಲ್ಲ. ಕೊಡಗಿನ ಗುಡ್ಡ ಕುಸಿತ ಕಂಡವರಿಗೆ ಆ ಬೆಳಗಿನ ದೃಶ್ಯ ಅರ್ಥವಾಗುತ್ತದೆ: ರಸ್ತೆ ಇದ್ದ ಕಡೆ ಕೆಂಪು ಮಣ್ಣು, ಸೇತುವೆ ಇದ್ದ ಕಡೆ ಮರದ ದಿಮ್ಮಿಗಳ ರಾಶಿ. ನಲ್ಲಿಯಲ್ಲಿ ಕುಡಿಯಬಹುದಾದ ನೀರು ಬರಲು ವಾರಗಳೇ ಹಿಡಿದವು. ನಾವು ದೊಡ್ಡ ಪಾತ್ರೆಯಲ್ಲಿ ತೊರೆಯ ನೀರು ತಂದು ಶೌಚಕ್ಕೆ ಬಳಸುತ್ತಿದ್ದೆವು.

ನೀರಿಗಿಂತ ವೇಗವಾಗಿ ಹರಿದದ್ದು ವದಂತಿ. ಒಕ್ಕೂಟ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾ ಆಗ ತಕ್ಷಣದ ಅಗತ್ಯಗಳಿಗೆಂದು 750 ಡಾಲರ್ ಕೊಡುತ್ತಿತ್ತು. ಅದು ಸಾಲ, ತೀರಿಸದಿದ್ದರೆ ಮನೆ ಜಪ್ತಿಯಾಗುತ್ತದೆ ಎಂದು ಯಾರೋ ಹಬ್ಬಿಸಿದರು. ನಮ್ಮ ಬೀದಿಯ ವೃದ್ಧ ದಂಪತಿ ಅದನ್ನು ನಂಬಿ ಅರ್ಜಿ ಹಾಕಲೇ ಇಲ್ಲ. ಆಗ ನಮ್ಮ ಕ್ಷೇತ್ರದ ರಿಪಬ್ಲಿಕನ್ ಸದಸ್ಯ ಚಕ್ ಎಡ್ವರ್ಡ್ಸ್ ಅಕ್ಟೋಬರ್ 8ರಂದು ಒಂದು ಪ್ರಕಟಣೆ ಹೊರಡಿಸಿ ಇಂಥ ವದಂತಿಗಳನ್ನು ಒಂದೊಂದಾಗಿ ಅಲ್ಲಗಳೆದರು. ಹವಾಮಾನವನ್ನು ಯಾರೂ ನಿಯಂತ್ರಿಸಲಾರರು, ಚಿಮ್ನಿ ರಾಕ್ ಊರನ್ನು ಸರ್ಕಾರ ವಶಪಡಿಸಿಕೊಳ್ಳುತ್ತಿಲ್ಲ ಎಂಬುದನ್ನೂ ಬರೆಯಬೇಕಾಗಿ ಬಂದಿತ್ತು. ಚುನಾವಣೆಗೆ ಒಂದು ತಿಂಗಳು ಉಳಿದಿರುವಾಗ ತಮ್ಮ ಪಕ್ಷದ ಬೆಂಬಲಿಗರೇ ಹಂಚುತ್ತಿದ್ದ ಮಾತುಗಳನ್ನು ಸುಳ್ಳೆಂದು ಹೇಳಲು ಧೈರ್ಯ ಬೇಕು. ನಾನು ಆ ಪ್ರಕಟಣೆಯನ್ನು ಮುದ್ರಿಸಿ ಆ ದಂಪತಿಗೆ ಓದಿ ಹೇಳಿದೆ. "ಇದನ್ನು ಎಡ್ವರ್ಡ್ಸ್ ಹೇಳಿದ್ದಾರಾ?" ಎಂದು ಎರಡು ಬಾರಿ ಕೇಳಿ, ಆಮೇಲೆ ಅರ್ಜಿ ಹಾಕಿದರು. ಪ್ರತಿನಿಧಿ ಮಾಡುವ ಕೆಲಸಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿ ಎಂದು ಕೇಳಿಕೊಳ್ಳುತ್ತೇನೆ. ಜನ ನಂಬುವ ಬಾಯಿಂದ ನಿಜ ಹೊರಡಬೇಕು.

ಆದರೆ ಹಣದ ವಿಷಯದಲ್ಲಿ ಕಾಂಗ್ರೆಸ್ ನಮ್ಮನ್ನೂ ಕಾಯಿಸಿತು. ಸದನ ಸೆಪ್ಟೆಂಬರ್ 25ರಂದೇ ಚುನಾವಣೆಯ ಬಿಡುವಿಗೆ ಹೊರಟಿತ್ತು. ಅಕ್ಟೋಬರ್ ಮಧ್ಯದಲ್ಲಿ ಸಣ್ಣ ಉದ್ಯಮ ಆಡಳಿತದ ವಿಪತ್ತು ಸಾಲದ ನಿಧಿ ಮುಗಿದುಹೋಯಿತು. ಆ ಹೆಸರು ಕೇಳಿ ಅದು ಅಂಗಡಿಕಾರರಿಗೆ ಮಾತ್ರ ಎಂದುಕೊಳ್ಳಬೇಡಿ, ಮನೆಯ ಮಾಲೀಕರೂ ಬಾಡಿಗೆದಾರರೂ ಅಲ್ಲಿ ಸಾಲ ಪಡೆಯುತ್ತಾರೆ. ಆದರೂ ಸದನ ಮರಳಿ ಸೇರಿದ್ದು ನವೆಂಬರ್‌ನಲ್ಲಿ. ಸುಮಾರು 100 ಶತಕೋಟಿ ಡಾಲರ್ ಪರಿಹಾರವಿದ್ದ ಮಸೂದೆಗೆ ಅಧ್ಯಕ್ಷರ ಸಹಿ ಬಿದ್ದದ್ದು ಡಿಸೆಂಬರ್ 21ರಂದು, ಅದೂ ಸರ್ಕಾರದ ಕೆಲಸವೇ ನಿಂತುಹೋಗುವ ಗಳಿಗೆಯಲ್ಲಿ. 86 ದಿನ. ಎಡಿಸನ್ ಅವರ 91ರ ಪಕ್ಕದಲ್ಲಿ ಇದನ್ನೂ ಬರೆದಿಟ್ಟುಕೊಳ್ಳಿ.

ಹೊಸ ಬಿಡಾರ (ಟ್ಯಾಂಪಾ):

ಚರ್ಚೆಯ ನಡುವೆ ಒಂದು ಪ್ರಾಯೋಗಿಕ ಪ್ರಶ್ನೆ ಕೇಳುತ್ತಿದ್ದೇನೆ, ದಯವಿಟ್ಟು ಕ್ಷಮಿಸಿ. ನಾವು ಎಚ್‌-1ಬಿ ವೀಸಾದಲ್ಲಿ ಇದ್ದೇವೆ, ಬಾಡಿಗೆ ಮನೆ. ಚಂಡಮಾರುತದಲ್ಲಿ ನಮ್ಮ ಮನೆಗೆ ನೀರು ನುಗ್ಗಿ ಸಾಮಾನು ಹೋದರೆ ಫೆಮಾ ಸಹಾಯ ನಮಗೆ ಸಿಗುತ್ತದೆಯೇ? ಮತವೇ ಇಲ್ಲದ ನಾವು ಕಾಂಗ್ರೆಸ್ ಸದಸ್ಯರ ಕಚೇರಿಗೆ ಹೋದರೆ ಒಳಗೆ ಬಿಟ್ಟುಕೊಳ್ಳುತ್ತಾರೆಯೇ? ನಮ್ಮ ಮಗಳು ಇಲ್ಲಿಯೇ ಹುಟ್ಟಿದವಳು, ಮೂರು ವರ್ಷ.

ಕಡತದ ಮೇಜು (ಫ್ಲೋರಿಡಾ):

ನಾನು ಕಾಲೇಜಿನ ದಿನಗಳಲ್ಲಿ ಒಬ್ಬ ಕಾಂಗ್ರೆಸ್ ಸದಸ್ಯರ ಸ್ಥಳೀಯ ಕಚೇರಿಯಲ್ಲಿ ಇಂಟರ್ನ್ ಆಗಿ ಕೆಲಸ ಮಾಡಿದ್ದೇನೆ. ಎರಡೂ ಪ್ರಶ್ನೆಗಳಿಗೆ ಉತ್ತರಿಸುತ್ತೇನೆ.

ಮೊದಲು ಎರಡನೆಯದು. ಖಂಡಿತ ಹೋಗಿ. ಜನಗಣತಿಯಲ್ಲಿ ಕ್ಷೇತ್ರವನ್ನು ಎಣಿಸುವುದು ಮತದಾರರ ಲೆಕ್ಕದಲ್ಲಿ ಅಲ್ಲ, ವಾಸವಿರುವ ಎಲ್ಲರ ಲೆಕ್ಕದಲ್ಲಿ. ಒಂದೊಂದು ಕ್ಷೇತ್ರದಲ್ಲಿ ಈಗ ಸುಮಾರು 7,60,000 ಜನರಿದ್ದಾರೆ, ಆ ಎಣಿಕೆಯಲ್ಲಿ ನೀವೂ ಸೇರಿದ್ದೀರಿ. ನಾನು ನೋಡಿದ ಕಡತಗಳಲ್ಲಿ ವೀಸಾ, ಗ್ರೀನ್ ಕಾರ್ಡ್ ವಿಳಂಬದವೇ ದೊಡ್ಡ ರಾಶಿ. ಅವರಲ್ಲಿ ಯಾರಿಗೂ ಮತವಿರಲಿಲ್ಲ. ನಿಮ್ಮ ವಿಳಾಸ ಆ ಕ್ಷೇತ್ರದಲ್ಲಿ ಇರಬೇಕು, ಅಷ್ಟೇ. ಬೇರೆ ಕ್ಷೇತ್ರದವರ ಪತ್ರ ಬಂದರೆ ಸಂಬಂಧಪಟ್ಟ ಸದಸ್ಯರಿಗೆ ಕಳುಹಿಸುವುದು ರೂಢಿ.

ಕೆಲಸ ನಡೆಯುವುದು ಹೀಗೆ. 1974ರ ಖಾಸಗಿತನ ಕಾಯ್ದೆಯ ಪ್ರಕಾರ ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಯಾವ ಇಲಾಖೆಯೂ ನಿಮ್ಮ ಕಡತದ ವಿವರವನ್ನು ಸಂಸದರ ಕಚೇರಿಗೆ ಕೊಡುವಂತಿಲ್ಲ. ಮೊದಲ ದಿನವೇ ಸಹಿ ಹಾಕಿಸುವ ಪತ್ರ ಅದೇ. ಆಮೇಲೆ ಇಲಾಖೆಯಲ್ಲಿ ಕಾಂಗ್ರೆಸ್ ವ್ಯವಹಾರಕ್ಕೆಂದೇ ಇರುವ ವಿಭಾಗಕ್ಕೆ ವಿಚಾರಣೆ ಹೋಗುತ್ತದೆ. ಸದಸ್ಯರು ಇಲಾಖೆಗೆ ಆದೇಶ ಕೊಡಲಾರರು, ನಿರ್ಧಾರ ಬದಲಿಸಿ ಎಂದು ಒತ್ತಡ ಹೇರಲಾರರು. ಕಡತವನ್ನು ಇನ್ನೊಮ್ಮೆ ನೋಡಿ, ಕಾರಣ ಕೊಟ್ಟು ಉತ್ತರಿಸಿ ಎಂದು ಕೇಳಬಲ್ಲರು. ಕೆಳಗೆ ಬಿದ್ದ ಕಡತ ಮೇಲೆ ಬರಲು ಬಹಳ ಸಲ ಅಷ್ಟೇ ಸಾಕಾಗುತ್ತದೆ. ನಾನಿದ್ದ ಕಡೆ ಕೇಸ್‌ವರ್ಕರ್ ಒಬ್ಬರು ಪ್ರತಿ ಕಡತದ ಮೇಲೆ ಹಳದಿ ಚೀಟಿ ಅಂಟಿಸಿ, ಆ ಕುಟುಂಬ ಈಗ ಎಲ್ಲಿ ಮಲಗುತ್ತಿದೆ ಎಂದು ಬರೆಯುತ್ತಿದ್ದರು: "ಕಾರಿನಲ್ಲಿ", "ತಂಗಿಯ ಮನೆ", "ಮೋಟೆಲ್, ಶುಕ್ರವಾರದವರೆಗೆ". ಯಾವ ಕಡತವನ್ನು ಮೊದಲು ಎತ್ತಿಕೊಳ್ಳಬೇಕೆಂದು ಅವರು ಆ ಚೀಟಿ ನೋಡಿ ತೀರ್ಮಾನಿಸುತ್ತಿದ್ದರು.

ಈಗ ಮೊದಲ ಪ್ರಶ್ನೆ. ಫೆಮಾದ ನಗದು ಸಹಾಯ ಅಮೆರಿಕದ ನಾಗರಿಕರಿಗೆ, ಗ್ರೀನ್ ಕಾರ್ಡ್ ಇರುವವರಿಗೆ, ನಿರಾಶ್ರಿತರೇ ಮೊದಲಾದ ಕೆಲವು ವರ್ಗಗಳಿಗೆ ಮಾತ್ರ. ಎಚ್‌-1ಬಿ ಅದರಲ್ಲಿ ಸೇರುವುದಿಲ್ಲ. ಆದರೆ ಅದೇ ಮನೆಯಲ್ಲಿ ವಾಸಿಸುವ ಅಪ್ರಾಪ್ತ ಮಗು ನಾಗರಿಕಳಾಗಿದ್ದರೆ ತಂದೆ ಅಥವಾ ತಾಯಿ ಆ ಮಗುವಿನ ಪರವಾಗಿ ಅರ್ಜಿ ಹಾಕಬಹುದು. ಅರ್ಜಿಯಲ್ಲಿ ಮಗುವಿನ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಬರೆಯಬೇಕು. ನಮ್ಮವರಲ್ಲಿ ಎಷ್ಟೋ ಕುಟುಂಬಗಳು ಇದು ತಿಳಿಯದೆ ಸುಮ್ಮನೆ ಕೂರುತ್ತವೆ. ಆಶ್ರಯ, ಆಹಾರ, ಆಪ್ತಸಲಹೆಯಂಥ ನಗದಲ್ಲದ ತುರ್ತು ನೆರವಿಗೆ ವೀಸಾದ ಪ್ರಶ್ನೆಯೇ ಬರುವುದಿಲ್ಲ. ತಿರಸ್ಕಾರದ ಪತ್ರ ಬಂದರೆ ಎದೆಗುಂದಬೇಡಿ. ಬಹಳ ಸಲ ಒಂದು ಕಾಗದ ಕಡಿಮೆಯಾಗಿರುತ್ತದೆ, ಅಷ್ಟೇ. ಪತ್ರದ ದಿನಾಂಕದಿಂದ 60 ದಿನದೊಳಗೆ ಮೇಲ್ಮನವಿ ಸಲ್ಲಿಸಬೇಕು. ಬಾಡಿಗೆದಾರರು ಸಾಮಾನುಗಳಿಗೆ ಮಾತ್ರ ನೆರೆ ವಿಮೆ ಕೊಳ್ಳಬಹುದು. ಹೊಸ ಪಾಲಿಸಿ ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಬೇಕು, ಆದ್ದರಿಂದ ಸಮುದ್ರದಲ್ಲಿ ಸುಳಿ ಎದ್ದ ಮೇಲೆ ಕೊಂಡರೆ ಪ್ರಯೋಜನವಿಲ್ಲ.

ಕೊನೆಯಲ್ಲಿ ಮೂಲ ಚರ್ಚೆಗೊಂದು ಮಾತು. ಮತವಿಲ್ಲದ ಪ್ರತಿನಿಧಿ ಎಂದರೇನು ಎಂದು ತಿಳಿಯಲು ಅಮೆರಿಕದ ಆಡಳಿತದಲ್ಲಿರುವ, ಆದರೆ ರಾಜ್ಯವಲ್ಲದ ದ್ವೀಪ ಪೋರ್ಟೊರಿಕೊ ನೋಡಿ. ಅವರ ಪ್ರತಿನಿಧಿ ಸದನದಲ್ಲಿ ಮಾತನಾಡಬಹುದು, ಮಸೂದೆಯ ಅಂತಿಮ ಮತದಾನದಲ್ಲಿ ಭಾಗವಹಿಸುವಂತಿಲ್ಲ. 2017ರ ಸೆಪ್ಟೆಂಬರ್ 20ರಂದು ಅಲ್ಲಿಗೆ ಬಂದ ಮರಿಯಾ ಚಂಡಮಾರುತದಿಂದ ಸತ್ತವರ ಅಧಿಕೃತ ಸಂಖ್ಯೆ ತಿಂಗಳುಗಟ್ಟಲೆ 64 ಎಂದೇ ಇತ್ತು. ಮರುವರ್ಷ ಅದು 2,975 ಆಯಿತು. ದ್ವೀಪಕ್ಕೆ ಎಷ್ಟು ಕೊಡಬೇಕೆಂಬ ಜಗಳದಲ್ಲಿ ಸಿಕ್ಕಿ, 2018ರ ಅಕ್ಟೋಬರ್‌ನಲ್ಲಿ ಮೈಕಲ್ ಚಂಡಮಾರುತ ಹಾಳುಗೆಡವಿದ ನಮ್ಮ ಫ್ಲೋರಿಡಾದ ಪಶ್ಚಿಮ ತುದಿಯ ಪರಿಹಾರವೂ 2019ರ ಜೂನ್‌ವರೆಗೆ ನಿಂತಿತು. ಸೆನೆಟ್ 85–8 ಮತಗಳಿಂದ ಒಪ್ಪಿ ಕಳುಹಿಸಿದ 19.1 ಶತಕೋಟಿಯ ಮಸೂದೆಯನ್ನು ಸದಸ್ಯರು ರಜೆಯಲ್ಲಿದ್ದಾಗ ಸರ್ವಾನುಮತದಿಂದ ಪಾಸು ಮಾಡಲು ಹೊರಟರೆ, ಒಂದೇ ವಾರದಲ್ಲಿ ಮೂರು ಬಾರಿ ಒಬ್ಬೊಬ್ಬ ಸದಸ್ಯರು ಎದ್ದುನಿಂತು ತಡೆದರು. ಮೊದಲು ತಡೆದವರು ಟೆಕ್ಸಸ್‌ನ ಚಿಪ್ ರಾಯ್.

ಲೆಕ್ಕಪತ್ರ (ಡಲ್ಲಾಸ್):

ಅಷ್ಟು ದೊಡ್ಡ ಮೊತ್ತವನ್ನು ಸದಸ್ಯರಿಲ್ಲದ ಸದನದಲ್ಲಿ ಚರ್ಚೆಯಿಲ್ಲದೆ ಪಾಸು ಮಾಡಬಾರದೆಂಬ ಚಿಪ್ ರಾಯ್ ಅವರ ಮಾತಿನಲ್ಲಿ ಹುರುಳಿದೆ ಎಂದು ಈಗಲೂ ನಂಬುತ್ತೇನೆ. ಆದರೆ ಮಲ್ವೇನಿ ಅವರ 2017ರ ಕೋರಿಕೆ ನನ್ನ ವಾದವನ್ನು ದುರ್ಬಲಗೊಳಿಸುತ್ತದೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಕಡಿತ ಬೇಕೆಂಬುದು ನಿಯಮವಾದರೆ ಎಲ್ಲ ಕರಾವಳಿಗೂ ಒಂದೇ ಆಗಿರಬೇಕು.

ಬೇಯೂ ದಂಡೆ (ಹ್ಯೂಸ್ಟನ್):

ಇಷ್ಟು ಒಪ್ಪಿದರೆ ನಾವಿಬ್ಬರೂ ಬಹಳ ಹತ್ತಿರ ಬಂದಂತಾಯಿತು, ಲೆಕ್ಕಪತ್ರ ಅವರೇ.

ಇನ್ನೊಂದು ವಿಷಯ ಉಳಿದುಬಿಡಬಾರದೆಂದು ಬರೆಯುತ್ತಿದ್ದೇನೆ. ವಾಷಿಂಗ್ಟನ್‌ನಿಂದ ಹಣ ಬಂದ ಮೇಲೆ ಅದನ್ನು ಹಂಚುವುದು ರಾಜ್ಯ. ಅಲ್ಲಿ ಕಾಂಗ್ರೆಸ್ ಸದಸ್ಯರ ಕೈ ಅಷ್ಟು ಸುಲಭವಾಗಿ ತಲುಪುವುದಿಲ್ಲ. ಹಾರ್ವೆಯ ನಂತರ ಮುಂದಿನ ನೆರೆ ತಡೆಯುವ ಕಾಮಗಾರಿಗಳಿಗೆಂದು ಟೆಕ್ಸಸ್‌ಗೆ ಒಕ್ಕೂಟದ ಹಣ ಬಂತು. 2021ರ ಮೇ ತಿಂಗಳಲ್ಲಿ ರಾಜ್ಯದ ಭೂ ಇಲಾಖೆ ಅದರಲ್ಲಿ ಸುಮಾರು ಒಂದು ಶತಕೋಟಿ ಡಾಲರ್ ಹಂಚಿದಾಗ ಹ್ಯೂಸ್ಟನ್ ನಗರಕ್ಕೂ ಹ್ಯಾರಿಸ್ ಕೌಂಟಿಗೂ ಸಿಕ್ಕಿದ್ದು ಸೊನ್ನೆ. ಎರಡೂ ಪಕ್ಷಗಳ ಸ್ಥಳೀಯ ಮುಖಂಡರು ಪ್ರತಿಭಟಿಸಿದ ಮೇಲೆ ಭೂ ಆಯುಕ್ತ ಜಾರ್ಜ್ ಪಿ. ಬುಷ್ ಕೌಂಟಿಗೆ 750 ದಶಲಕ್ಷ ಡಾಲರ್ ಕೋರುವುದಾಗಿ ಹೇಳಿದರು. ಆ ಹಂಚಿಕೆಯ ಮಾನದಂಡ ಅಲ್ಪಸಂಖ್ಯಾತ ನಿವಾಸಿಗಳಿಗೆ ತಾರತಮ್ಯ ಮಾಡಿತ್ತೆಂದು 2022ರ ಮಾರ್ಚ್‌ನಲ್ಲಿ ಒಕ್ಕೂಟದ ವಸತಿ ಇಲಾಖೆ ತೀರ್ಮಾನಿಸಿತು. ಜನ ಮಾತ್ರ ಕೈಕಟ್ಟಿ ಕೂರಲಿಲ್ಲ: ಹಾರ್ವೆ ಬಂದ ದಿನಕ್ಕೆ ಸರಿಯಾಗಿ ಒಂದು ವರ್ಷವಾದಾಗ, 2018ರ ಆಗಸ್ಟ್ 25ರಂದು, ಹ್ಯಾರಿಸ್ ಕೌಂಟಿಯ ಮತದಾರರು ತಮ್ಮ ಮೇಲೆಯೇ ತೆರಿಗೆಯ ಹೊರೆ ಹೊತ್ತು 2.5 ಶತಕೋಟಿಯ ನೆರೆ ನಿಯಂತ್ರಣ ಬಾಂಡಿಗೆ ಶೇ. 85ರ ಬಹುಮತದಿಂದ ಒಪ್ಪಿಗೆ ಕೊಟ್ಟಿದ್ದರು.

ಹೊಸ ಬಿಡಾರದವರಿಗೆ: ನೀರು ಬಂದರೆ ಸಾಮಾನು ಎತ್ತುವ ಮೊದಲು ಗೋಡೆಯ ಗೆರೆಯ ಪಕ್ಕ ಟೇಪು ಹಿಡಿದು ಫೋಟೊ ತೆಗೆಯಿರಿ. ನನ್ನ ಗಂಡ ಅಂದು ಏನೂ ತೋಚದೆ ತೆಗೆದ ಆ ಒಂದು ಫೋಟೊ ನಮ್ಮ ಕಡತದ ಮೊದಲ ಪುಟವಾಯಿತು.

ಹೊಸ ಬಿಡಾರ (ಟ್ಯಾಂಪಾ):

ಎಲ್ಲರಿಗೂ ಧನ್ಯವಾದಗಳು. ಮಗಳ ಜನನ ಪ್ರಮಾಣಪತ್ರ, ಅವಳ ಸೋಷಿಯಲ್ ಸೆಕ್ಯುರಿಟಿ ಕಾರ್ಡ್, ಬಾಡಿಗೆ ಕರಾರುಗಳನ್ನು ಒಂದು ಜಿಪ್ ಕವರಿನಲ್ಲಿ ಹಾಕಿ ಮೇಲಿನ ಕಪಾಟಿನಲ್ಲಿ ಇಟ್ಟಿದ್ದೇವೆ. ಸಾಮಾನಿನ ನೆರೆ ವಿಮೆಗೆ ನಿನ್ನೆ ಹಣ ಕಟ್ಟಿದೆವು. ನಮ್ಮ ಕ್ಷೇತ್ರದ ಸದಸ್ಯರ ಕಚೇರಿ ಎಲ್ಲಿದೆ ಎಂದು ಇಂದು ಮೊದಲ ಸಲ ಹುಡುಕಿದೆ. ಮಗಳ ಶಿಶುವಿಹಾರದಿಂದ ಎರಡೇ ಸಿಗ್ನಲ್ ಆಚೆ ಇದೆ.